ಸಂಚಿಯ ಒಳಮೈ

ನನಗೆ ಕ್ರೋಶಾ ಹಾಕಲು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ನಡುವೆ ಎಲ್ಲೋ ಹೇಳಿದರೆ ಓದುವವರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದುತ್ತಾರೆ. ನಾನು ಗಂಡಸು. ಮೀಸೆಯೂ ಇದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವನು. ಆದರೂ ಒಂದು ಕೊಕ್ಕೆಕಡ್ಡಿ, ಒಂದು ಬಿಳಿ ದಾರದ ಉಂಡೆ ಕೊಟ್ಟು ಕೂರಿಸಿದರೆ ಸಂಜೆಯೊಳಗೆ ಅಂಗೈಯಗಲದ ಹೂವೊಂದನ್ನು ಹೆಣೆದು ನಿಮ್ಮ ಮುಂದಿಡಬಲ್ಲೆ. ಜಂಬವೇ ಎಂದರೆ, ಹೌದು, ಜಂಬವೇ. ಜಂಬಪಡಲು ನನ್ನ ಬಾಳಿನಲ್ಲಿ ಸಿಕ್ಕಿರುವ ಸಂಗತಿಗಳು ಮೂರೋ ನಾಲ್ಕೋ. ಅವುಗಳಲ್ಲಿ ಇದಕ್ಕೇ ಮೊದಲ ಮಣೆ.

ನಾನು ಹೇಳುತ್ತಿರುವುದು ಅರುವತ್ತರ ದಶಕದ ಆರಂಭದ ಮಾತು. ಆಗ ನಮ್ಮ ಕಡೆಯ ಹೆಂಗಸರಿಗೆ ಕ್ರೋಶಾದ ಹುಚ್ಚು ಹಿಡಿದಿತ್ತು. ಬರಿಮೈಯಲ್ಲಿರುವ ಯಾವ ವಸ್ತುವನ್ನು ಕಂಡರೂ ಅವರಿಗೆ ಮರುಕ. ರೇಡಿಯೋಗೆ ಒಂದು ಮುಸುಕು, ನೀರಿನ ಹೂಜಿಗೆ ಒಂದು ಟೋಪಿ, ಕುರ್ಚಿಯ ಬೆನ್ನಿಗೆ ಒಂದು ಶಾಲು. ಜನ್ನಾಪುರದ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ಗಿರಿಜೆಯ ಕಡ್ಡಿಗೆ ಸಿಗದೆ ಉಳಿದಿದ್ದು ಬಚ್ಚಲ ಹಂಡೆ ಮತ್ತು ನಾನು. ಹಂಡೆ ಸದಾ ಬಿಸಿಯಾಗಿರುತ್ತಿತ್ತು, ನಾನು ಸದಾ ಕಾರ್ಖಾನೆಯಲ್ಲಿರುತ್ತಿದ್ದೆ.

ಕಾರ್ಖಾನೆಯಲ್ಲಿ ನನ್ನ ಕೆಲಸ ಪ್ಯಾಟರ್ನ್ ಶಾಪಿನಲ್ಲಿ. ಹೊರಗಿನವರಿಗೆ ಇದನ್ನು ವಿವರಿಸುವುದು ಸ್ವಲ್ಪ ಕಷ್ಟ. ಕಬ್ಬಿಣವನ್ನು ಎರಕ ಹೊಯ್ಯುವ ಮೊದಲು ಅದೇ ಆಕಾರದ ಮರದ ಮಾದರಿಯೊಂದು ಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಒಂದು ಗುಳಿ ಉಳಿಯುತ್ತದೆ; ಕಾದ ಕಬ್ಬಿಣ ಹೋಗಿ ಕೂರುವುದು ಆ ಗುಳಿಯಲ್ಲಿ. ಮರದ ಮಾದರಿ ಮಾಡುವವನು ನಾನು. ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಮರಕ್ಕೆ ಮರ ಸೇರಿಸಿದ ಜಾಗ ಬೆರಳಿಗೆ ತಾಗಬಾರದು. ತಾಗಿದರೆ ಮರಳು ಚಾಡಿ ಹೇಳುತ್ತದೆ, ಕಬ್ಬಿಣದ ಮೇಲೆ ಗೆರೆ ಮೂಡುತ್ತದೆ. ಇನ್ನೊಂದು, ಕಾದ ಕಬ್ಬಿಣ ತಣಿಯುತ್ತ ಕುಗ್ಗುತ್ತದೆ. ಹಾಗಾಗಿ ಮಾದರಿಯನ್ನು ಬೇಕಾದ್ದಕ್ಕಿಂತ ಕೊಂಚ ದೊಡ್ಡದಾಗಿಯೇ ಮಾಡಬೇಕು. ನಮ್ಮ ಅಳತೆಪಟ್ಟಿಯೇ ಬೇರೆ. ಅದರ ಒಂದಡಿ ಪೇಟೆಯ ಒಂದಡಿಗಿಂತ ತುಸು ಉದ್ದ. ಆ ಪಟ್ಟಿಯನ್ನು ಹಿಡಿದೂ ಹಿಡಿದೂ ಲೋಕದಲ್ಲಿ ಎಲ್ಲವೂ ಕೊನೆಗೆ ಕುಗ್ಗಲೇಬೇಕು ಎಂಬ ನಂಬಿಕೆ ನನ್ನಲ್ಲಿ ಬೇರೂರಿತ್ತು. ಈ ನಂಬಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ನನಗೆ ಕೈ ಕೊಟ್ಟದ್ದು ಇದೇ.

ಅತ್ತೆಯವರ ಮನೆ ಇದ್ದದ್ದು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ. ಅತ್ತೆ ಎಂದರೆ ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಸಂಚಿ, ಬಾಯಲ್ಲಿ ಅಳೆದು ತೂಗಿದ ಮಾತು. ಅವರ ದೊಡ್ಡ ಅಳಿಯ, ಅಂದರೆ ನನ್ನ ಷಡ್ಡಕ, ವಕೀಲರು. ಮನೆಗೆ ಯಾರೇ ಬಂದರೂ ಅತ್ತೆ ನಮ್ಮಿಬ್ಬರ ಪರಿಚಯ ಮಾಡಿಕೊಡುತ್ತಿದ್ದ ರೀತಿ ಒಂದೇ: “ಇವರು ದೊಡ್ಡಳಿಯಂದಿರು, ವಕೀಲರು. ಇವರು ಭದ್ರಾವತಿಯವರು.” ವಕೀಲರಿಗೆ ಕಸುಬಿತ್ತು, ನನಗೆ ಊರಿತ್ತು. ಇದರಲ್ಲಿ ಅತ್ತೆಯ ಕೆಟ್ಟ ಮನಸ್ಸೇನೂ ಇರಲಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ವಕೀಲರಿಗೆ ಎಷ್ಟು ಹೋಳಿಗೆಯೋ ನನಗೂ ಅಷ್ಟೇ, ತುಪ್ಪವೂ ಅಷ್ಟೇ. ಆದರೆ ಅಳಿಯ ಮಾಡುವುದೇನು ಎಂದು ಯಾರಾದರೂ ಒತ್ತಿ ಕೇಳಿದರೆ, “ಅದೇನೋ ಮರದ ಕೆಲಸ ಅಂತೆ” ಎಂದು ದನಿ ತಗ್ಗಿಸುತ್ತಿದ್ದರು. ಆ ತಗ್ಗಿದ ದನಿ ನನಗೆ ನೋಯುತ್ತಿತ್ತು. ಹತ್ತು ಜನರೆದುರು ಅವರು ಒಮ್ಮೆ ದನಿ ಏರಿಸಿ ನನ್ನ ಬಗ್ಗೆ ಏನಾದರೂ ಹೇಳಲಿ ಎಂಬ ಆಸೆ, ಗಿರಿಜೆಗೂ ಹೇಳದ ಆಸೆ, ನನ್ನೊಳಗೆ ಇತ್ತು.

ಹೀಗಿರುವಾಗ ಒಂದು ದಿನ ನಾನು ಸೈಕಲ್ಲಿನಿಂದ ಬಿದ್ದೆ. ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಹೋಗುತ್ತಿದ್ದೆ ಎಂಬುದನ್ನು ಇಲ್ಲಿ ಮಾತ್ರ ಹೇಳುತ್ತಿದ್ದೇನೆ. ಮನೆಯಲ್ಲಿ ಹೇಳಿದ್ದು ನಾಯಿ ಅಡ್ಡ ಬಂತು ಎಂದು. ಎಡಗಾಲಿಗೆ ಸಿಮೆಂಟಿನ ಪಟ್ಟು ಹಾಕಿ ಆರು ವಾರ ಮಂಚಕ್ಕೆ ಕಟ್ಟಿದರು. ಮೂರನೆಯ ದಿನಕ್ಕೆ ಗಿರಿಜೆಯ ಸಾರಿನ ಉಪ್ಪಿನಿಂದ ಹಿಡಿದು ಬಾಗಿಲ ಚೌಕಟ್ಟಿನ ಓರೆಯವರೆಗೆ ಎಲ್ಲದರಲ್ಲೂ ತಪ್ಪು ಹುಡುಕತೊಡಗಿದೆ. ಅವಳು ಕ್ರೋಶಾ ಹಾಕುತ್ತ ಕೂತಿದ್ದರೆ, “ಆ ತೂತು ದೊಡ್ಡದಾಯ್ತು, ಈ ತೂತು ಸಣ್ಣದಾಯ್ತು” ಎನ್ನುತ್ತಿದ್ದೆ.

“ಹೌದಾ? ಹಾಗಾದ್ರೆ ನೀವೇ ಹಾಕಿ ಮಾರಾಯ್ರೆ” ಎಂದು ಅವಳು ಕಡ್ಡಿಯನ್ನು ನನ್ನ ಕೈಗೆ ತುರುಕಿದಳು. “ಬಾಯಿಗೆ ಬಿಡುವು, ಕೈಗೆ ಕೆಲಸ.”

ಅವಳು ಸಿಟ್ಟಿನಲ್ಲಿ ಕೊಟ್ಟಳು, ನಾನು ಹಟಕ್ಕೆ ತೆಗೆದುಕೊಂಡೆ. ಮೊದಲು ಕುಣಿಕೆಗೆ ಕುಣಿಕೆ ಕೋದ ಸರಪಳಿ ಕಲಿತೆ, ಆಮೇಲೆ ಅದರ ಮೇಲೆ ನೆಟ್ಟಗೆ ನಿಲ್ಲುವ ಕಂಬ. ಕ್ರೋಶಾ ಅಂದರೆ ಬಹುಮಟ್ಟಿಗೆ ಇವೆರಡೇ. ನಾಲ್ಕನೆಯ ದಿನ ನನಗೆ ಒಂದು ವಿಷಯ ಹೊಳೆಯಿತು. ಜಾಲರಿಯಲ್ಲಿ ಚಂದ ಕಾಣುವುದು ದಾರವಲ್ಲ, ದಾರದ ನಡುವಿನ ಖಾಲಿ ಜಾಗ. ತೂತುಗಳು ಒಂದೇ ಸಮ ಇದ್ದರೆ ಹೂವು, ಇಲ್ಲದಿದ್ದರೆ ಇಲಿ ಕಡಿದ ಬಟ್ಟೆ. ಮರಳಿನಲ್ಲಿ ಗುಳಿ ಬೀಳಿಸಲೆಂದೇ ಹತ್ತು ವರ್ಷ ಮರ ಕೆತ್ತಿದವನಿಗೆ ಖಾಲಿ ಜಾಗದ ವ್ಯವಹಾರ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪಿ ಒಂದು ಮಾತು ಕೇಳುತ್ತೇನೆ. ಮಗ್ಗದಲ್ಲಿ ಸೀರೆ ನೇಯುವವನು ಗಂಡಸು. ರವಿಕೆ ಹೊಲಿಯುವ ದರ್ಜಿ ಗಂಡಸು. ಸರದ ಮಣಿಗಳನ್ನು ರೇಷ್ಮೆ ದಾರದಲ್ಲಿ ಪೋಣಿಸಿ ಕಟ್ಟಿಕೊಡುವ ಪಟವೆಗಾರನೂ ಗಂಡಸು. ತುಂಗೆಯ ದಡದಲ್ಲಿ ಕೂತು ಬಲೆ ಹೆಣೆಯುವವನಂತೂ ಮಾಡುತ್ತಿರುವುದು ದೊಡ್ಡ ಕಣ್ಣಿನ ಕ್ರೋಶಾವನ್ನೇ. ಇವರನ್ನೆಲ್ಲ ನೋಡಿ ಯಾರೂ ನಗುವುದಿಲ್ಲ. ಗೇಣುದ್ದವೂ ಇಲ್ಲದ ಒಂದು ಕಡ್ಡಿ ಹಿಡಿದ ಕೂಡಲೇ ಗಂಡಸಿನ ಗಂಡಸುತನಕ್ಕೆ ಧಕ್ಕೆ ಬರುವುದಾದರೂ ಹೇಗೆ? ವಾದವೇನೋ ಗಟ್ಟಿಯಾಗಿತ್ತು. ಆದರೆ ಪಕ್ಕದ ಮನೆಯ ಫಿಟ್ಟರ್ ಮುನಿಸ್ವಾಮಿ ನನ್ನ ಕಾಲು ವಿಚಾರಿಸಲು ಬಂದ ಕೂಡಲೇ ವಾದ, ಕಡ್ಡಿ, ಉಂಡೆ ಮೂರನ್ನೂ ದುಪ್ಪಟಿಯೊಳಗೆ ಸೇರಿಸುತ್ತಿದ್ದೆ. ಒಮ್ಮೆ ಅವಸರದಲ್ಲಿ ಕಡ್ಡಿಯ ಮೇಲೇ ಕೂತು, ಕಾಲು ನೋವು ಜಾಸ್ತಿ ಎಂದು ಅವನೆದುರು ಮುಖ ಕಿವಿಚಿದ್ದೂ ಉಂಟು. “ಏನ್ ಸಾರ್, ಮುರಿದಿದ್ದು ಕಾಲು, ಕೈ ಯಾಕೆ ದುಪ್ಪಟಿ ಒಳಗೆ?” ಎಂದು ಅವನು ಕೇಳಿದ್ದಕ್ಕೆ ನಾನು ಚಳಿ ಎಂದೆ. ಆಗ ಏಪ್ರಿಲ್ ತಿಂಗಳು.

ಕೈ ಪಳಗಿದ ಮೇಲೆ ಗಿರಿಜೆ ಒಂದು ಕತೆ ಹೇಳಿದಳು. ಅತ್ತೆಯ ತಾಯಿ ಹಿಂದೆ ಮಿಷನ್ ಶಾಲೆಯ ಟೀಚರಮ್ಮನಿಂದ ಕಲಿತು, ಮಗಳ ಮದುವೆಗೆಂದು ಒಂದು ಜಾಲರಿ ಸಂಚಿ ಹಾಕಿಕೊಟ್ಟಿದ್ದರಂತೆ. ದುಂಡನೆಯ ತಳ, ಮೈಯೆಲ್ಲ ಹೂವಿನ ಬಲೆ, ಆಚೆಯಿಂದ ಒಂದು ಈಚೆಯಿಂದ ಒಂದು ಎಳೆದರೆ ಬಾಯಿ ಮುಚ್ಚುವ ದಾರ. ಅದು ಎಂದೋ ಸವೆದು ಚಿಂದಿಯಾಗಿತ್ತು. ಆ ಚಿಂದಿಯನ್ನು ಅತ್ತೆ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದರು. ಅಂಥದ್ದೇ ಇನ್ನೊಂದು ಹಾಕಿಕೊಡಬೇಕೆಂದು ಗಿರಿಜೆ ಎರಡು ಸಲ ಶುರುಮಾಡಿ ಎರಡು ಸಲವೂ ಬಿಟ್ಟಿದ್ದಳು.

ನಾನು ಕಾಗದ, ಪೆನ್ಸಿಲ್ ತರಿಸಿದೆ. ಅವಳ ನೆನಪಿನಿಂದ ಅಳತೆ ಕೇಳಿ ಕೇಳಿ ಸಂಚಿಯ ನಕ್ಷೆ ಬರೆದೆ: ಮೇಲಿನಿಂದ ನೋಟ, ಪಕ್ಕದಿಂದ ನೋಟ, ಸೀಳಿದ ನೋಟ. ಎಲೆಅಡಿಕೆ ಸಂಚಿಗೆ ಸೀಳಿದ ನೋಟ ಬರೆದವನು ಶಿವಮೊಗ್ಗ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಕೊನೆಗೆ, ಕಸುಬಿನ ಅಭ್ಯಾಸದಂತೆ, ಕುಗ್ಗುವ ಲೆಕ್ಕ ಸೇರಿಸಿದೆ. ಕಬ್ಬಿಣವೇ ಕುಗ್ಗುವಾಗ ಹತ್ತಿಯ ದಾರ ಬಿಟ್ಟೀತೆ? ಹೊಸ ಪಂಚೆ ಒಂದು ಒಗೆತಕ್ಕೆ ಮೊಣಕಾಲಿಗೆ ಏರುವುದನ್ನು ಯಾರು ನೋಡಿಲ್ಲ? ಧಾರಾಳವಾಗಿ, ಅಡಿಗೆ ಎರಡು ಅಂಗುಲದಂತೆ ಹೆಚ್ಚು ಬಿಟ್ಟೆ.

“ಸ್ವಲ್ಪ ಉದ್ದ ಆಗ್ಲಿಲ್ವೇನ್ರೀ?” ಎಂದಳು ಗಿರಿಜೆ.

“ಕುಗ್ಗುತ್ತೆ ನೋಡ್ತಿರು” ಎಂದೆ.

ನಾಲ್ಕು ವಾರ ಹಿಡಿಯಿತು. ಮುಗಿದ ದಿನ ಸಂಚಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನೋಡಿದೆನೋ. ಒಂದೊಂದು ತೂತಿನಲ್ಲೂ ಅಷ್ಟಷ್ಟೇ ಆಕಾಶ ಇತ್ತು. ಕಾರ್ಖಾನೆಯಲ್ಲಿ ನಾನು ಮಾಡಿದ್ದೆಲ್ಲ ಮರಳಿಗೆ ಹೋಗುತ್ತಿತ್ತು, ಜನರ ಕಣ್ಣಿಗೆ ಬೀಳುತ್ತಿದ್ದದ್ದು ಕಬ್ಬಿಣ. ನಾನು ಮಾಡಿದ್ದೇ ನಾನು ಮಾಡಿದಂತೆಯೇ ಉಳಿದದ್ದು ಇದೇ ಮೊದಲು. ಆದರೂ ಅತ್ತೆಗೆ ಕೊಡುವಾಗ ನನ್ನ ಹೆಸರು ಎತ್ತಕೂಡದೆಂದು ಗಿರಿಜೆಯಿಂದ ಭಾಷೆ ತೆಗೆದುಕೊಂಡೆ. ಮರದ ಕೆಲಸಕ್ಕೇ ದನಿ ತಗ್ಗಿಸುವವರು ದಾರದ ಕೆಲಸಕ್ಕೆ ಏನು ಮಾಡಿಯಾರು ಎಂಬ ಅಂಜಿಕೆ.

ಕಾಲಿನ ಪಟ್ಟು ಬಿಚ್ಚಿದ ಮೇಲೆ ಇಬ್ಬರೂ ಬಸ್ಸು ಹತ್ತಿ ಹೊಸಮನೆಗೆ ಹೋದೆವು. ಗಿರಿಜೆಯ ತಂಗಿಯ ಮದುವೆ ಗೊತ್ತಾಗಿ, ಸಂಡಿಗೆ ಹಪ್ಪಳಕ್ಕೆಂದು ಬೀದಿಯ ಹೆಂಗಸರೆಲ್ಲ ಅಲ್ಲಿ ಸೇರಿದ್ದರು. ವಕೀಲರು ಆರಾಮಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಗಿರಿಜೆ ಸಂಚಿಯನ್ನು ತಾಯಿಯ ಮಡಿಲಲ್ಲಿಟ್ಟಳು.

ಅತ್ತೆ ಮೇಲ್ಮೈಯನ್ನು ನೋಡಲೇ ಇಲ್ಲ. ಬಾಯಿ ಸಡಿಲಿಸಿ ಸಂಚಿಯನ್ನು ಒಳಮೈ ಹೊರಗೆ ಮಾಡಿದರು. ಕೈಕೆಲಸ ಬಲ್ಲವರ ರೀತಿಯೇ ಅದು. ಹೊರಮೈ ನೆಂಟರಿಗೆ, ಒಳಮೈ ಬಲ್ಲವರಿಗೆ. ಒಂದು ಉಂಡೆ ಮುಗಿದು ಇನ್ನೊಂದನ್ನು ಸೇರಿಸಿದ ಗಂಟು ಎಲ್ಲಿದೆ ಎಂದು ಉಗುರಿನಿಂದ ಸಾಲುಸಾಲಾಗಿ ತಡವಿದರು. ಸಿಗಲಿಲ್ಲ. ಇನ್ನೊಮ್ಮೆ ತಡವಿದರು.

“ಗಿರಿಜಾ, ಇದು ನಿನ್ನ ಕೈಯಲ್ಲ.”

“ನಂದೇ ಅವ್ವಾ.”

“ಸುಳ್ಳು ಹೇಳ್ಬೇಡ. ನಿನ್ನ ಕೈ ಸಡಿಲ, ನಾನೇ ಕಲಿಸಿದ್ದು, ನನಗೆ ಗೊತ್ತಿಲ್ವಾ? ಗಂಟು ಎಲ್ಲಿದೆ ಅಂತ್ಲೇ ತಿಳಿಯಲ್ಲ.” ಅವರ ದನಿ ಏರಿತು. ಹಪ್ಪಳ ಲಟ್ಟಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. “ನಮ್ಮವ್ವನ ಕೈಲೂ ಇಷ್ಟು ಸಮ ಇರ್ಲಿಲ್ಲ ಕಣ್ರೇ. ಯಾವ ಪುಣ್ಯಾತ್ಗಿತ್ತಿ ಮಾಡಿದ್ಲೋ, ಅವಳ ಕೈ ತಣ್ಣಗಿರಲಿ!”

ನಾನು ಬಯಸಿದ್ದ ಏರುದನಿ ಅದು. ಹತ್ತು ಜನರೆದುರು, ನನ್ನ ಕೆಲಸಕ್ಕೆ. ಆದರೆ ಹೊಗಳಿಕೆ ಹೋಗುತ್ತಿದ್ದದ್ದು ಲೋಕದಲ್ಲೇ ಇಲ್ಲದ ಯಾವಳೋ ಪುಣ್ಯಾತ್ಗಿತ್ತಿಗೆ. ನನಗೆ ತಡೆಯಲಾಗಲಿಲ್ಲ.

“ಅದು ನಾನು, ಅತ್ತೆ” ಎಂದೆ.

ವಕೀಲರು ಪೇಪರಿನ ಹಿಂದಿನಿಂದ ಫಕ್ಕನೆ ನಕ್ಕರು. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅತ್ತೆ ನಗಲಿಲ್ಲ. ನನ್ನ ಬೆರಳುಗಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಸೊಂಟದಲ್ಲಿದ್ದ ಹಳೆಯ ಸಂಚಿಯಿಂದ ವೀಳ್ಯದೆಲೆ, ಅಡಿಕೆ ಡಬ್ಬಿ, ಸುಣ್ಣದ ಡಬ್ಬಿ, ಹಿತ್ತಾಳೆಯ ಅಡಕತ್ತರಿ ಎಲ್ಲವನ್ನೂ ಹೊಸದಕ್ಕೆ ತುಂಬಿ, ದಾರ ಎಳೆದು, ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತರು.

ಸಂಚಿ ಇಳಿಯತೊಡಗಿತು. ಅಡಕತ್ತರಿಯ ಭಾರಕ್ಕೆ ತೂತುಗಳೆಲ್ಲ ಉದ್ದಕ್ಕೆ ಬಾಯಿಬಿಟ್ಟವು. ನಿಧಾನವಾಗಿ, ಯಾರ ಮುಲಾಜೂ ಇಲ್ಲದೆ, ಅದು ಅತ್ತೆಯ ಮೊಣಕಾಲಿಗೆ ಬಂದು ನಿಂತಿತು. ಈಗ ಮನೆಗೆ ಮನೆಯೇ ನಕ್ಕಿತು. ನಾನು ಕುಗ್ಗುವ ಲೆಕ್ಕ, ಕಾದ ಕಬ್ಬಿಣ, ನಮ್ಮ ಬೇರೆ ಅಳತೆಪಟ್ಟಿ ಎಲ್ಲವನ್ನೂ ತೊದಲುತ್ತ ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ನನ್ನ ಕೆಲಸ ಏನೆಂದು ಅವರು ಕೇಳಿಸಿಕೊಂಡದ್ದು ಅದೇ ಮೊದಲು.

“ಕಬ್ಬಿಣದ ಸಂಗತಿ ನನಗೆ ಗೊತ್ತಿರ್ಲಿಲ್ಲ” ಎಂದರು. “ಆದ್ರೆ ದಾರ ಭಾರ ಹೊತ್ರೆ ಇಳಿಯುತ್ತೆ ಅಳಿಯಂದಿರೇ. ಬಾಯಿ ಕಡೆಯಿಂದ ಆರು ಸಾಲು ಬಿಚ್ಚಿ. ಇಲ್ಲೇ ಕೂತ್ಕೊಂಡು ಬಾಯಿ ಮಾತ್ರ ಮತ್ತೆ ಹಾಕಿ. ಒಳಗೆ ಬೆಳಕಿಲ್ಲ, ಜಗಲಿಗೆ ಬನ್ನಿ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾಲ್ಕು ದಿನದ ಕೆಲಸ ಒಂದು ಎಳೆತಕ್ಕೆ ಬಿಚ್ಚಿಹೋಯಿತು. ಅಂದು ಮಧ್ಯಾಹ್ನದಿಂದ ಸಂಜೆಯವರೆಗೆ, ಮಾರನೆಯ ದಿನವೂ, ಹೊಸಮನೆಯ ಆ ಜಗಲಿಯಲ್ಲಿ, ಬೀದಿಗೆ ಮುಖ ಮಾಡಿ, ಮೀಸೆ ಹೊತ್ತ ನಾನು ಕ್ರೋಶಾ ಹಾಕಿದೆ. ಪಕ್ಕದಲ್ಲಿ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಹೋಗುವವರು ನಿಂತು ನೋಡಿದರು, ಕೆಲವರು ಸೈಕಲ್ಲಿನಿಂದ ಇಳಿದು ನೋಡಿದರು. ಮೊದಲ ಗಂಟೆ ಕಿವಿ ಬಿಸಿಯಾಗಿತ್ತು. ಆಮೇಲೆ ಕೈ ತನ್ನ ಕೆಲಸದಲ್ಲಿ ಮುಳುಗಿತು, ಕಿವಿಯನ್ನು ಕೇಳುವವರೇ ಇರಲಿಲ್ಲ. ಊರಿಗೆ ಮರಳಿದ ಮೇಲೆ ಮುನಿಸ್ವಾಮಿಗೂ ನಾನೇ ಹೇಳಿದೆ. ಅವನು ಒಂದು ವಾರ ನಕ್ಕು, ಎಂಟನೆಯ ದಿನ ತನ್ನ ರೇಡಿಯೋದ ಅಳತೆ ತಂದುಕೊಟ್ಟ.

ಮದುವೆಯ ದಿನ ಬಂತು. ಗಂಡಿನ ಕಡೆಯ ಹಿರಿಯರೊಬ್ಬರು ಚಪ್ಪರದಡಿ ಕೂತು ಅಳಿಯಂದಿರ ಪರಿಚಯ ಕೇಳಿದರು. ನಾನು ಎಂದಿನ ಪಾಲಿಗೆ ಸಿದ್ಧನಾಗಿ ನಿಂತೆ.

“ಇವರು ದೊಡ್ಡಳಿಯಂದಿರು, ವಕೀಲರು” ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, “ಇವರು...” ಎಂದು ನಿಲ್ಲಿಸಿದರು.

ಸೊಂಟದಿಂದ ಸಂಚಿಯನ್ನು ಬಿಡಿಸಿಕೊಂಡರು. ಎಲೆ, ಡಬ್ಬಿ, ಅಡಕತ್ತರಿ ಎಲ್ಲವನ್ನೂ ವಕೀಲರ ಜರಿಯ ಶಲ್ಯದೊಳಕ್ಕೆ ಸುರಿದು, “ಸ್ವಲ್ಪ ಹಿಡ್ಕೊಳ್ಳಿ” ಎಂದರು. ಸಂಚಿಯನ್ನು ಒಳಮೈ ಹೊರಗೆ ಮಾಡಿ, ಆ ಹಿರಿಯರ ಕೈಯಲ್ಲಿ ಇಟ್ಟರು.

“ಇದರಲ್ಲಿ ಒಂದು ಗಂಟು ಹುಡುಕಿ ತೋರ್ಸಿ ನೋಡೋಣ” ಎಂದರು, ಚಪ್ಪರದ ಆ ತುದಿಗೂ ಕೇಳುವಂತೆ. “ಸಿಗ್ಲಿಲ್ಲ ಅಂದ್ಮೇಲೆ ಇವರು ಯಾರು ಅಂತ ಹೇಳ್ತೀನಿ.”