ದೇವರ ಹೆಸರಿನ ಕೂರಿಗೆ

ನಮ್ಮ ಹೊಲ ಕಾಯುವ ವೀರಭದ್ರ ದೇವರಿಗೆ ಮೊದಲು ಕೈಮುಗಿದು ಇದನ್ನು ಬರೆಯುತ್ತೇನೆ.

ಮಹಾರಾಷ್ಟ್ರದಲ್ಲಿ ತೆರಿಗೆ ಕಡಿಮೆ ಎಂದು ಯಾರೋ ಹೇಳಿದ್ದನ್ನು ನಂಬಿ, ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆ ಕೂರಿಗೆ ತರಲು ನಮ್ಮೂರು ಹರ್ತಿಯಿಂದ ಸಾಂಗ್ಲಿಗೆ ಹೋಗಿದ್ದೆ. "ತೆರಿಗಿ ಎಲ್ಲಾ ಕಡೆ ಒಂದ ಐತ್ರಿ ಕಾಕಾ," ಎಂದ ಕನ್ನಡ ಬಲ್ಲ ಅಂಗಡಿಯವ. ಅಷ್ಟು ದೂರ ಬಂದಾಗಿತ್ತು, ಕೊಂಡೆ. ಬಿಲ್ಲಿಗೆಂದು ಹೆಸರು, ಊರು ಬರೆದ ಚೀಟಿ ಕೊಟ್ಟೆ.

ಮರಳುವಾಗ ದಾರಿಯಲ್ಲಿ ತೆರಿಗೆ ಅಧಿಕಾರಿಯೊಬ್ಬರು ಕೂರಿಗೆ ಹೇರಿದ್ದ ಬಾಡಿಗೆ ಗಾಡಿ ನಿಲ್ಲಿಸಿ ಬಿಲ್ಲು ಓದಿದರು.

"ಶ್ರೀ ವೀರಭದ್ರೇಶ್ವರ ಪ್ರಸನ್ನ ಅಂದ್ರ ಯಾರ್ರಿ? ನೀವೇನು?"

ಯಾವ ಕಾಗದ ಬರೆದರೂ ಮೇಲೆ ದೇವರ ನಾಮ ಹಾಕುವುದು ನನ್ನ ರೂಢಿ. ಅಂಗಡಿಯವ ಅದನ್ನೇ ಗಿರಾಕಿಯ ಹೆಸರೆಂದು ಬಿಲ್ಲಿಗೆ ಏರಿಸಿದ್ದ.

"ಅಲ್ರಿ ಸಾಹೇಬ್ರ, ಅದು ನಮ್ಮ ದೇವ್ರು."

"ಹಂಗಾರ ಈ ಮಾಲು ನಿಮ್ದಲ್ಲ?"

ನಮ್ಮ ಮನೆಯಲ್ಲಿರುವುದೆಲ್ಲ ಅವನದೇ. ನನ್ನದೆನ್ನಲು ಬಾಯಿ ಬರಲಿಲ್ಲ. "ದೇವ್ರದ್ದ ರೀ," ಎಂದೆ.

"ಆತು. ದೇವ್ರು ಬರೂತನಕ ಕೂರಿಗಿ ಇಲ್ಲೇ ಇರ್ಲಿ."

ಹೊಲ ಹದಕ್ಕೆ ಬಂದಿತ್ತು. ಮರುದಿನ ಬಿತ್ತದಿದ್ದರೆ ತೇವ ಆರಿಹೋಗುತ್ತಿತ್ತು. ಅಂಗಡಿಯವನಿಗೆ ಫೋನ್ ಮಾಡಿ ಆದದ್ದು ಹೇಳಿದೆ. ಎರಡು ತಾಸಿಗೆ ನನ್ನ ಹೆಸರಿನ ಬಿಲ್ಲು ಮೊಬೈಲಿಗೆ ಬಂತು. ಅಧಿಕಾರಿ ಎರಡೂ ಬಿಲ್ಲು ಹೋಲಿಸಿ ನೋಡಿ, "ಹೋಗಿ ಬರ್ರಿ ಅಜ್ಜಾರ," ಎಂದರು.

ನಾನೂ ನೋಡಿದೆ. ದೇವರಿಗೂ ಒಂದು ರೂಪಾಯಿ ತೆರಿಗೆ ಬಿಟ್ಟಿರಲಿಲ್ಲ.

ಇದನ್ನು ಓದಿದ ನಿಮ್ಮೆಲ್ಲರ ಬಿತ್ತನೆ ಹದದಲ್ಲೇ ಆಗಲಿ, ಆ ತಂದೆ ನಿಮ್ಮನ್ನು ತಣ್ಣಗಿಡಲಿ.