ಮಾರಿಯಮ್ಮನ ಆಡಿನ ಕಡತ

ಸೇಲಂನಲ್ಲಿ ಕರೆಂಟು ಹೋದರೆ ನೆಂಟರಿಷ್ಟರೆಲ್ಲ ಫೋನ್ ಮಾಡುವುದು ಶಿವಲಿಂಗಂ ಅವರಿಗೆ. ನಲ್ಲಿಯಲ್ಲಿ ನೀರು ಬಾರದಿದ್ದರೂ ಅವರಿಗೇ. ಕಂಬ ನೆಟ್ಟು ತಂತಿ ಎಳೆಯುವುದು, ಟ್ರಾನ್ಸ್‌ಫಾರ್ಮರ್ ರಿಪೇರಿ, ಊರೂರಿಗೆ ನೀರಿನ ಪೈಪು, ಈಚೆಗೆ ಸೋಲಾರು. ಸೇಲಂ, ಧರ್ಮಪುರಿ ಎರಡೂ ಜಿಲ್ಲೆಗಳಲ್ಲಿ ಅವರ ಕೈ ಆಡದ ಊರು ಕಡಿಮೆ. ಹದಿನಾರನೆಯ ವಯಸ್ಸಿಗೆ ನಂಗವಳ್ಳಿಯ ಬಯಲಲ್ಲಿ ಕಂಬಕ್ಕೆ ಗುಂಡಿ ತೋಡಲು ಹೋದವರು ಅರವತ್ತೊಂದಕ್ಕೆ ಸೇಲಂನ ಫೇರ್‌ಲ್ಯಾಂಡ್ಸ್ ಬಡಾವಣೆಯ ಮೂರಂತಸ್ತಿನ ಮನೆಯ ಯಜಮಾನರು. ಇದರಲ್ಲಿ ವಿಚಿತ್ರವೇನೂ ಇಲ್ಲ. ಮೈಮುರಿದು ದುಡಿದರು, ತಲೆ ಓಡುತ್ತಿತ್ತು, ಅದೃಷ್ಟವೂ ಕೈಕೊಡಲಿಲ್ಲ. ವಿಚಿತ್ರವಿದ್ದದ್ದು ಆ ಮನೆಯ ಎರಡನೆಯ ಮಹಡಿಯಲ್ಲಿ.

ಅಲ್ಲಿ ಸದಾ ಎ.ಸಿ. ಓಡುವ ಒಂದು ಕೋಣೆ. ಗಾಜಿನ ಬೀರುಗಳ ತುಂಬ ತಾಳೆಗರಿಯ ಕಟ್ಟುಗಳು, ಕಡತಗಳು. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಿಳಿ ಬಳಪದಲ್ಲಿ ಬರೆಯುತ್ತಿದ್ದ ಹಳೆಯ ಕಾಲದ ಪುಸ್ತಕ. ಎಲ್ಲವೂ ಕನ್ನಡ. ದೂರದ ಕಾಲೇಜುಗಳಿಂದ ಮೇಷ್ಟರುಗಳು ಬಂದು ನೋಡಿ ಬೆರಗಾಗಿ ಹೋಗಿದ್ದಾರೆ. ಇಷ್ಟನ್ನೂ ಕೂಡಿಹಾಕಿದ ಮನುಷ್ಯರಿಗೆ ಮಾತ್ರ ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

ನಗಬೇಡಿ. ಆ ಸೀಮೆಯ ಕನ್ನಡದವರಲ್ಲಿ ಬಹಳಷ್ಟು ಜನರ ಪಾಡು ಅದೇ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತಮಿಳು, ಕಾಗದಪತ್ರದ ಮೇಲೆ ಇಂಗ್ಲಿಷ್ ಸಹಿ. ಭಾಷೆ ನಾಲಗೆಯ ಮೇಲಿದೆ, ಕಣ್ಣಿಗೆ ಗೊತ್ತಿಲ್ಲ. ನಗಬೇಕಾದದ್ದು ಬೇರೆ ಇದೆ. ಶಿವಲಿಂಗಂ ಹುಡುಕುತ್ತಿದ್ದದ್ದು ಕಾವ್ಯವನ್ನಲ್ಲ, ಪುರಾಣವನ್ನಲ್ಲ, ಆಡಿನ ಪುಸ್ತಕವನ್ನು. ಆಡಿಗೆ ಹೊಟ್ಟೆ ಉಬ್ಬರಿಸಿದರೆ ಏನು ಕುಡಿಸಬೇಕು, ಗೊರಸು ಕೊಳೆತರೆ ಏನು ಕಟ್ಟಬೇಕು ಎಂದು ಬರೆದಿಟ್ಟ ಪುಸ್ತಕಗಳು ಅವರಲ್ಲಿ ಮೂವತ್ತೆಂಟು ಇದ್ದವು. ಆಡುಗಳಿಗೆ ಓದು ಬಂದಿದ್ದರೆ ಆ ಮನೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು.

ಇದಕ್ಕೆಲ್ಲ ಕಾರಣ ಅವರ ತಾಯಿ ಮಾರಿಯಮ್ಮ. ಕಂಬೈನಲ್ಲೂರಿನ ಪಕ್ಕದ ಹಳ್ಳಿಯಿಂದ ನಂಗವಳ್ಳಿಗೆ ಸೊಸೆಯಾಗಿ ಬರುವಾಗ ಅವರು ತವರಿನಿಂದ ತಂದದ್ದು ಎರಡು ಸೀರೆ, ಒಂದು ಬಿಂದಿಗೆ ಮತ್ತು ತಂದೆ ಸಣ್ಣಯ್ಯನವರ ಒಂದು ಕಡತ. ಸೊಸೆ ಹೊಲಕ್ಕೆ ಹೋಗಿದ್ದ ದಿನ, ಹಳೆ ಬಟ್ಟೆಗೆ ಪಾತ್ರೆ ಕೊಡುವವನು ಬೀದಿಗೆ ಬಂದ. ಅತ್ತೆ ಹರಿದ ಪಂಚೆಗಳ ಜೊತೆಗೆ ಆ ಕಪ್ಪು ಬಟ್ಟೆಯ ಕಟ್ಟನ್ನೂ ಹಾಕಿ ಎವರ್‌ಸಿಲ್ವರ್ ಸ್ಟೀಲು ಡಬ್ಬಿಯೊಂದನ್ನು ತೆಗೆದುಕೊಂಡರು. ಅತ್ತೆಯ ಕಣ್ಣಿಗೆ ಅದು ಬಟ್ಟೆಯೇ. ಮಾರಿಯಮ್ಮ ಮನೆಗೆ ಬಂದವರು ಜಗಳವಾಡಲಿಲ್ಲ. ಆ ಡಬ್ಬಿಯನ್ನು ಮಾತ್ರ ಒಂದು ದಿನವೂ ಮುಟ್ಟಲಿಲ್ಲ.

ಶಿವಲಿಂಗಂಗೆ ಏಳು ವರ್ಷವಾಗಿದ್ದಾಗ ಮನೆಯ ಹನ್ನೊಂದು ಆಡುಗಳಲ್ಲಿ ಒಂಬತ್ತು ಒಂದೇ ವಾರದಲ್ಲಿ ರೋಗ ಬಂದು ಸತ್ತವು. ಒಂಬತ್ತನೆಯದನ್ನು ಹೂತು ಬಂದ ಮಾರಿಯಮ್ಮ ಬಾಗಿಲಲ್ಲಿ ಕೂತು, "ನಮ್ಮಪ್ಪನ ಆಡಿನ ಕಡತ ಇದ್ದಿದ್ರೆ" ಎಂದು ಅತ್ತರು. ಮಗ ಪಕ್ಕದಲ್ಲೇ ನಿಂತಿದ್ದ. ದೊಡ್ಡವನಾದ ಮೇಲೆ ಆ ಕಡತವನ್ನು ಎಲ್ಲಿದ್ದರೂ ತಂದು ಅವ್ವನ ಕೈಗೆ ಕೊಡುತ್ತೇನೆಂದು ಅವತ್ತೇ ಮನಸ್ಸಿನಲ್ಲಿ ಆಣೆಯಿಟ್ಟ. ಯಾರಿಗೂ ಹೇಳಲಿಲ್ಲ. ಕೈಗೆ ಕೊಟ್ಟಾಗಲೇ ಗೊತ್ತಾಗಲಿ ಎಂಬ ಆಸೆ.

ಆ ಆಸೆಯೇ ಎಲ್ಲ ಕೆಡಿಸಿತು. ಅವ್ವನನ್ನು ಒಂದೇ ಒಂದು ಮಾತು ಕೇಳಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ.

ಕೈಯಲ್ಲಿ ನಾಲ್ಕು ಕಾಸಾದ ಮೇಲೆ ಹುಡುಕಾಟ ಶುರುವಾಯಿತು. ಮೊದಲು ಅವರ ಬಳಿ ಲೈನ್‌ಮನ್ ಆಗಿದ್ದ ಪಳನಿ ಈ ಕೆಲಸಕ್ಕೇ ನಿಂತ. ಹೊಸೂರು, ಧರ್ಮಪುರಿ, ಕೊಳ್ಳೇಗಾಲ, ಹಳೆ ಸಾಮಾನಿನ ಅಂಗಡಿ ಎಲ್ಲಿದೆಯೋ ಅಲ್ಲೆಲ್ಲ ತಿರುಗಿ ಸಿಕ್ಕಿದ್ದನ್ನು ತರುವುದು. ಓದಿ ಹೇಳಲು ವಸುಧಾ ಸಿಕ್ಕರು. ಸೇಲಂನವರೇ, ಬ್ಯಾಂಕಿನಿಂದ ನಿವೃತ್ತರಾದವರು, ಅಜ್ಜನ ಬಳಿ ಮನೆಯಲ್ಲೇ ಕನ್ನಡ ಓದಲು ಕಲಿತವರು. ಪಳನಿ ತಂದದ್ದನ್ನು ಅವರ ಮುಂದಿಟ್ಟು ಶಿವಲಿಂಗಂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಆಡಿಂದಾ ಮೇಡಂ, ಅಲ್ವಾ?" ಆಡಿನದಾದರೆ ಬೀರುವಿಗೆ. ಅಲ್ಲದಿದ್ದರೆ ಪಕ್ಕಕ್ಕೆ. ತಾತನ ಆಡಿನ ಕಡತ ಬೇಕು, ಅವ್ವನಿಗೆ ಗೊತ್ತಾಗಬಾರದು ಎಂದಷ್ಟೇ ವಸುಧಾ ಅವರಿಗೆ ಹೇಳಿದ್ದರು, ತಾತನ ಹೆಸರು ಹೇಳಬೇಕೆಂದು ಹೊಳೆದಿರಲಿಲ್ಲ. ಪಕ್ಕಕ್ಕಿಟ್ಟ ಕಟ್ಟುಗಳು ಅರವತ್ತರ ಮೇಲಾದಾಗ, ಮೂರು ವರ್ಷದ ಹಿಂದೆ, ಮೈಸೂರಿನ ಒಂದು ಖಾಸಗಿ ಹಸ್ತಪ್ರತಿ ಭಂಡಾರಕ್ಕೆ ದಾನವಾಗಿ ಕಳಿಸಿದರು. ವಸುಧಾ ಪಟ್ಟಿ ಬರೆದರು, ಇವರು ಕೆಳಗೆ ಇಂಗ್ಲಿಷಿನಲ್ಲಿ ಸಹಿ ಹಾಕಿದರು.

ಇಷ್ಟರಲ್ಲಿ ಮಾರಿಯಮ್ಮನಿಗೆ ಎಂಬತ್ತೊಂದು ತುಂಬಿತು. ಒಂದೇ ವರ್ಷದಲ್ಲಿ ಎರಡು ಸಲ ಎದೆ ಹಿಡಿದು ಆಸ್ಪತ್ರೆ ಸೇರಿ ಬಂದರು. ಡಾಕ್ಟರು ಶಿವಲಿಂಗಂ ಅವರನ್ನು ಹೊರಗೆ ಕರೆದು, ಅವರಿಗೇನು ಇಷ್ಟವೋ ಅದನ್ನೆಲ್ಲ ಈಗಲೇ ಮಾಡಿಬಿಡಿ ಎಂದರು. ಅಂದಿನಿಂದ ಶಿವಲಿಂಗಂಗೆ ಊಟ ರುಚಿಸಲಿಲ್ಲ. ಪಳನಿಗೆ ದಿನಕ್ಕೆ ಮೂರು ಸಲ ಫೋನು. ಹೆಂಡತಿ ಸುಗುಣಾ, "ಇನ್ನೊಂದ್ ಆಡಿನ ಪುಸ್ತಕ ಮನೆಗ್ ಬಂದ್ರೆ ನಾನೇ ಆಡ್ ತಂದು ಆಲ್‌ನಾಗೆ ಕಟ್ತೀನಿ" ಎಂದು ನಡುಮನೆಯ ಸೋಫಾ ತೋರಿಸಿ ಗೊಣಗಿದರು.

ಒಂದು ಮಧ್ಯಾಹ್ನ ವಸುಧಾ ಊಟಕ್ಕೆಂದು ಕೆಳಗಿಳಿದು ಬಂದರು. ಮಂಡಿನೋವಿನ ಮಾರಿಯಮ್ಮ ಮಹಡಿ ಹತ್ತುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಊಟದ ಮೇಜಿನ ಬಳಿ ನುಗ್ಗೆಸೊಪ್ಪು ಬಿಡಿಸುತ್ತ ಕೂತಿದ್ದರು. ಶಿವಲಿಂಗಂ ಆಗತಾನೆ ಸೈಟಿನಿಂದ ಬಂದು ಪಕ್ಕದ ಬೇಸಿನ್ನಿನಲ್ಲಿ ಕೈ ತೊಳೆಯುತ್ತಿದ್ದರು.

"ದಿನಾ ಮೇಲೆ ಕುಂತ್ಕೊಂಡು ಏನಮ್ಮ ಓದ್ತೀಯ ವಸುದಾ?" ಎಂದು ಮಾರಿಯಮ್ಮ ಕೇಳಿದರು.

"ಆಡಿನ ವೈದ್ಯ ಅಮ್ಮಾ. ಇವತ್ತು ಆಡಿನ ಕೆಮ್ಮು."

"ನಾವ್ ಆಡ್ ಮಾರಿ ನಲವತ್ ವರ್ಸ ಆಯ್ತು. ಅವ್ನಿಗ್ಯಾಕೆ ಈಗ ಆಡಿನ ಕೆಮ್ಮು?"

ವಸುಧಾ ಅವರಿಗೂ ಸಾಕಾಗಿತ್ತು. ಗುಟ್ಟು ಬಿಟ್ಟುಕೊಟ್ಟರು. "ನಿಮ್ಮ ತಂದೆಯವರ ಆಡಿನ ಕಡತ ಹುಡುಕ್ತಾ ಇದಾರೆ ಅಮ್ಮಾ. ನಿಮಗೆ ಕೊಡಬೇಕೂಂತ."

ಶಿವಲಿಂಗಂಗೆ ಮೈಯೆಲ್ಲ ಉರಿಯಿತು. ಐವತ್ತು ವರ್ಷ ಕಾಪಾಡಿಕೊಂಡ ಗುಟ್ಟು. ತಿರುಗಿ ಏನೋ ಅನ್ನುವಷ್ಟರಲ್ಲಿ ಮಾರಿಯಮ್ಮನ ಕೈ ಸೊಪ್ಪಿನ ಮೇಲೆ ನಿಂತುಹೋಗಿತ್ತು.

"ನಮ್ಮಪ್ಪನ ಕಡತದಾಗೆ ಮೇಕೆ ಎಲ್ಲಿ ಬಂತು?" ಎಂದರು ಅವರು. "ಅದು ಆಡಿಂದು ಕಣಮ್ಮ. ಬಾಯಲ್ಲಿ ಆಡ್ತಾರಲ್ಲ, ಆ ಆಡು." ಆಮೇಲೆ ತಲೆ ತಗ್ಗಿಸಿ, ಸವೆದ ದನಿಯಲ್ಲಿ ಒಂದು ಸಾಲನ್ನು ಎಳೆದು ಎಳೆದು ಹಾಡಿದರು:

"ಒಳೆ ದಾಟಿ ಓಗೋಳೆ, ತಿರುಗಿ ನೋಡಬ್ಯಾಡ..."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಊರಿಗೆಲ್ಲ ನೀರು ಕೊಡುವ ಮನುಷ್ಯರಿಗೆ ತಮ್ಮ ಮನೆಯ ನಲ್ಲಿ ನಿಲ್ಲಿಸಬೇಕೆಂದು ತೋಚಲಿಲ್ಲ. "ಅವ್ವ," ಎಂದರು, "ಆಡು ಅಂದ್ರೆ ಪಾಟ್ಟಾ?"

"ಇನ್ನೇನ್ಲಾ ಮತ್ತೆ?"

ಅಷ್ಟೇ. ಅವ್ವನ ಬಾಯಲ್ಲಿ ಹಾಡು ಆಡಾಗಿತ್ತು. ಮಗನಿಗೋ, ಮನೆಗೆ ರೇಡಿಯೋ ಬಂದಾಗಿನಿಂದ ಹಾಡೆಲ್ಲ ತಮಿಳಿನ ಪಾಟ್ಟು, ಆಡೆಂದರೆ ಎರಡೂ ಭಾಷೆಯಲ್ಲಿ ನಾಲ್ಕು ಕಾಲಿನದೇ. ಒಂಬತ್ತು ಆಡು ಸತ್ತ ದಿನ ಅವ್ವ ಬಯಸಿದ್ದು ಔಷಧವನ್ನಲ್ಲ, ದುಃಖ ಇಳಿಸಿಕೊಳ್ಳಲು ಅಪ್ಪ ಓದುತ್ತಿದ್ದ ಹಾಡನ್ನು. ಒಂದು ಹಕಾರ ಬಿದ್ದುಹೋದದ್ದಕ್ಕೆ ಎರಡು ಜಿಲ್ಲೆಯ ಮೇಕೆ ವೈದ್ಯವೆಲ್ಲ ಬಂದು ಮಹಡಿಯಲ್ಲಿ ಕೂತಿತ್ತು.

ವಸುಧಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಸರ್, ಸಣ್ಣಯ್ಯ ಅಂದ್ರೆ ಯಾರು?"

"ನಮ್ ತಾತ. ಯಾಕೆ?"

"ಮೈಸೂರಿಗೆ ಕಳಿಸಿದ್ವಲ್ಲ, ಅದ್ರಲ್ಲಿ ಒಂದು ಕಡತ. ಕೊನೇಲಿ ಸಣ್ಣಯ್ಯ ಬರೆದದ್ದು ಅಂತಿತ್ತು, ಕಂಬೈನಲ್ಲೂರು ಅಂತಲೂ ಇತ್ತು. ಇದು ಆಡಲ್ಲ ಸರ್, ಪಾಟ್ಟು ಅಂದೆ. ಪಕ್ಕಕ್ಕಿಡಿ ಅಂದ್ರಿ."

ಶಿವಲಿಂಗಂ ಸಿಟ್ಟನ್ನು ಯಾರ ಮೇಲೆ ತೀರಿಸಲಿ ಎಂದು ನೋಡಿ ಪಳನಿಗೆ ಫೋನ್ ಮಾಡಿದರು. "ನಾನ್ ನಿಂಗೆ ಏನ್ ತತ್ತಾ ಅಂತ ಏಳಿದ್ದೆಲಾ?" ಎಂದು ಗದರಿದರು. "ಆಟ್ಟು ಪುಸ್ತಗಂ ಅಂತ ನೀವೇ ಏಳಿದ್ರಿ ಅಣ್ಣ" ಎಂದ ಆ ಪಾಪದವನು. ಆಡಿನ ಪುಸ್ತಕವೆಂದು ತಮಿಳಿನಲ್ಲಿ ಹೇಳಿದ್ದೂ ತಾವೇ, ಸಹಿ ಹಾಕಿ ಕಳಿಸಿದ್ದೂ ತಾವೇ. ಫೋನಿಟ್ಟು ಸೋಫಾದಲ್ಲಿ ಕುಸಿದರು. ಕೈಗೆ ಬಂದಿದ್ದ ತಾತನ ಪುಸ್ತಕವನ್ನು ತಾವೇ ಅತ್ತ ತಳ್ಳಿದ ಸಂಕಟಕ್ಕೆ, ಸೊಸೆಯ ಕಡತವನ್ನು ಬಟ್ಟೆಯೆಂದು ಕೊಟ್ಟ ಅಜ್ಜಿಯ ಮೇಲೂ ಅವರಿಗೆ ಮೊದಲ ಸಲ ಕರುಣೆ ಬಂತು.

ಭಂಡಾರ ನೋಡಿಕೊಳ್ಳುವ ಗಿರಿ ಎಂಬವರು ಮರುದಿನ ಫೋನಿನಲ್ಲಿ ಮರ್ಯಾದೆಯಿಂದಲೇ ಮಾತಾಡಿದರು. ಕಡತ ಇದೆ, ಜೋಪಾನವಾಗಿದೆ. ಆದರೆ ದಾನ ಬಂದದ್ದನ್ನು ವಾಪಸು ಕೊಡುವ ನಿಯಮವಿಲ್ಲ. ಶಿವಲಿಂಗಂ ಜನರೇಟರ್ ಕೊಡುತ್ತೇನೆಂದರು, ಚಾವಣಿ ತುಂಬ ಸೋಲಾರ್ ಹಾಕಿಸುತ್ತೇನೆಂದರು. ಗಿರಿ ಜಗ್ಗಲಿಲ್ಲ. "ಯಾರು ಬೇಕಾದ್ರೂ ಬಂದು ಓದಬಹುದು ಸಾರ್. ಫೋಟೋ ಬೇಕಾದ್ರೆ ಇವತ್ತೇ ಕಳಿಸ್ತೀನಿ" ಎಂದರು.

ಶಿವಲಿಂಗಂ ಸೋತ ಮುಖದಲ್ಲಿ ಅವ್ವನ ಮಂಚದ ಬಳಿ ಬಂದು ಹೇಳಿದರು. ಮಾರಿಯಮ್ಮ ಕೇಳಿಸಿಕೊಂಡರು.

"ಮನೆಗ್ ತಂದ್ರೆ ತಾನೇ ನಾನೇನ್ ಮಾಡ್ಲಿ? ನಂಗ್ ಓದಕ್ ಬತ್ತದಾ? ಎಣ್ಮಗೀಗ್ ಯಾಕೆ ಅಂತ ನಮ್ಮಪ್ಪ ಕಲಿಸ್ಲಿಲ್ಲ. ನೀನ್ ಗಂಡ್ಮಗ. ನೀನ್ಯಾಕ್ಲಾ ಕಲೀಲಿಲ್ಲ?"

ಅದು ಬೈಗುಳವಾಗಿರಲಿಲ್ಲ. ನಿಜವಾಗಿಯೂ ಕಾರಣ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದ್ದರು. ಅದಕ್ಕೇ ಶಿವಲಿಂಗಂಗೆ ಅದು ನಾಟಿತು.

ಮಾರನೆಯ ದಿನದಿಂದ ಪಾಠ. ಬೆಳಿಗ್ಗೆ ಏಳಕ್ಕೆ ವಸುಧಾ ಬರುವುದು, ಜಿಲ್ಲೆಗೇ ಬೆಳಕು ಕೊಡುವ ಯಜಮಾನರು ಚೌಕುಳಿ ನೋಟ್‌ಬುಕ್ಕಿನಲ್ಲಿ ಅ ಆ ತಿದ್ದುವುದು. ಒತ್ತಕ್ಷರ ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. "ತಮಿಳ್ನಾಗೆ ಒಂದ್ ಕ ಸಾಕು ಮೇಡಂ. ನಿಮ್ಗ್ ನಾಕ್ ಯಾಕೆ?" ಎಂದು ವಾದಿಸಿದರು. ವಸುಧಾ ಬ್ಯಾಂಕಿನಲ್ಲಿ ಇದಕ್ಕಿಂತ ಮೊಂಡು ಗಿರಾಕಿಗಳನ್ನು ಕಂಡವರು, ಸುಮ್ಮನೆ ಇನ್ನೊಂದು ಪುಟ ಕೊಟ್ಟರು. ಹೊಸೂರಿನ ಕಡೆ ಸೈಟಿಗೆ ಹೋದಾಗ ಗಡಿಯಾಚೆಯವರೆಗೂ ಕಾರು ಬಿಡಿಸಿ, ಅಂಗಡಿಗಳ ಬೋರ್ಡುಗಳನ್ನು ಜೋರಾಗಿ ಓದುತ್ತಿದ್ದರು. ಡ್ರೈವರನಿಗೆ ಯಜಮಾನರ ತಲೆಯ ಬಗ್ಗೆ ಅನುಮಾನ ಬಂತು. ಪ್ರತಿ ಸಂಜೆ ಅವ್ವನ ಉಸಿರು ನೋಡಿ, ಇನ್ನೊಂದು ತಿಂಗಳು ಕೊಡಪ್ಪ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದರು. ನಾಲ್ಕು ತಿಂಗಳಾಯಿತು. ಡಾಕ್ಟರನ್ನು ಕೇಳಿ, ಹಿಂದಿನ ಸೀಟಿಗೆ ದಿಂಬು ಜೋಡಿಸಿ, ಅವ್ವನನ್ನೂ ವಸುಧಾ ಅವರನ್ನೂ ಕೂರಿಸಿಕೊಂಡು, ಮೇಟೂರಿನ ದಾರಿಯಲ್ಲಿ ಮೈಸೂರಿಗೆ ಹೊರಟರು. ಮಾರಿಯಮ್ಮ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಎಚ್ಚರವಾಗಿಯೇ ಇದ್ದರು.

ಗಿರಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಕಡತವನ್ನು ತಂದಿಟ್ಟರು. ಮಾರಿಯಮ್ಮ ಅದರ ಅಂಚನ್ನು ಒಂದು ಬೆರಳಿಂದ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು. ಶಿವಲಿಂಗಂ ಒಂದೊಂದೇ ಮಡಿಕೆ ಬಿಚ್ಚಿ, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದರು. ತಪ್ಪಿದಾಗ ವಸುಧಾ ಮೆಲ್ಲಗೆ ತಿದ್ದಿದರು. ಬೀಸುವಾಗಿನ ಹಾಡು, ತೊಟ್ಟಿಲ ಹಾಡು. ಆಮೇಲೆ ಹೊಳೆ ದಾಟುವವಳ ಹಾಡು. ಮೊದಲ ಸಾಲು ಓದಿದರು. ಮುಂದಕ್ಕೆ ಬರೀ ಕಪ್ಪು.

"ಅಳಿಸೋಗೈತೆ ಅವ್ವ."

ಗಿರಿ ಬಾಗಿ ನೋಡಿದರು. ಹೆಚ್ಚು ಬಿಚ್ಚಿ ಓದಿದ ಮಡಿಕೆಯೇ ಹೆಚ್ಚು ಸವೆಯುವುದು, ಬಳಪ ಬೆರಳಿಗೆ ಅಂಟಿ ಹೋಗಿಬಿಡುತ್ತದೆ ಎಂದು ವಿವರಿಸಿದರು. ಇಷ್ಟು ದೂರ ಕರೆತಂದು, ಅವ್ವ ಬಾಯಲ್ಲಿಟ್ಟುಕೊಂಡು ಬಂದ ಹಾಡೊಂದೇ ಇಲ್ಲವಾಯಿತಲ್ಲ ಎಂದು ಶಿವಲಿಂಗಂ ಕಣ್ಣು ತುಂಬಿಕೊಂಡರು.

ಮಾರಿಯಮ್ಮ ಮಾತ್ರ ಅಳಲಿಲ್ಲ. "ಅದು ನಮ್ಮಪ್ಪ ದಿನಾ ಓದ್ತಿದ್ದದ್ದು. ನಾನ್ ಬಿಡ್ತಿರ್ಲಿಲ್ಲ, ಅದೇ ಓದು ಅಂತಿದ್ದೆ" ಎಂದರು. ಕುರ್ಚಿಯಲ್ಲಿ ನೆಟ್ಟಗೆ ಕೂತು ಹಾಡಿದರು. ಒಂದು ನುಡಿ, ಎರಡು, ಐದು. ಎಲ್ಲಿಯೂ ತಡವರಿಸಲಿಲ್ಲ. ಗಿರಿ ಓಡಿಹೋಗಿ ಕಾಗದ, ಪೆನ್ಸಿಲ್ ತಂದು ವಸುಧಾ ಅವರಿಗೆ ಕೊಡಲು ಹೋದರು. ಮಾರಿಯಮ್ಮ ಕೈ ಅಡ್ಡ ಹಿಡಿದರು.

"ಅವ್ನ್ ಬರೀಲಿ. ಬರ್ಕೋಲಾ. ನಾನ್ ನಿಧಾನಕ್ ಏಳ್ತೀನಿ."

ಶಿವಲಿಂಗಂ ಬರೆದರು. ಗೆರೆ ಸೊಟ್ಟಗಾಯಿತು, ಕೊಂಬು ತಲಕಟ್ಟು ಒಂದರ ಮೇಲೊಂದು ಬಿದ್ದವು, ಬರೆಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತು. ಅಜ್ಜನ ಕಡತದಲ್ಲಿ ಅಳಿಸಿಹೋಗಿದ್ದ ಐದು ನುಡಿ ಮೊಮ್ಮಗನ ಕೈಯಲ್ಲಿ ಕಾಗದಕ್ಕೆ ಇಳಿದವು. ಗಿರಿ ಇದನ್ನೂ ಕಡತದ ಜೊತೆಗೇ ಇಡಬೇಕು, ಮಾರಿಯಮ್ಮನವರ ಹೆಸರು ಹಾಕಿಯೇ ಇಡುತ್ತೇವೆ ಎಂದರು.

"ಇಡೀರಂತೆ. ಮೊದ್ಲು ಓದು, ಸರ್ಯಾಗೈತಾ ನೋಡನ" ಎಂದರು ಮಾರಿಯಮ್ಮ ಮಗನಿಗೆ.

ಅವರು ಓದಿದರು:

"ಹೊಳೆ ದಾಟಿ ಹೋಗೋಳೆ, ತಿರುಗಿ ನೋಡಬ್ಯಾಡ,
ಹೊಳೆಯೇ ನಿನ್ನ ಹಿಂದೆ ಬರುತೈತೆ..."

ಐದೂ ನುಡಿ ಮುಗಿಯುವ ತನಕ ಮಾರಿಯಮ್ಮ ಕಣ್ಣು ಮುಚ್ಚಿ ಕೇಳಿದರು.

"ನಮ್ಮಪ್ಪ ಇನ್ನೂ ಚೆಂದಾಗಿ ಓದ್ತಿದ್ದ" ಎಂದರು. ಆಮೇಲೆ ಕುರ್ಚಿಯನ್ನು ಮಗನ ಹತ್ತಿರಕ್ಕೆ ಎಳೆಸಿಕೊಂಡು, "ಇನ್ನೊಂದ್ ಸಲ ಓದು" ಎಂದರು.