ಹಸಿರು ಮುಖದ ರಾಜೀನಾಮೆ

ಹೋದ ತಿಂಗಳ ಒಂದು ಸೋಮವಾರ ನಮ್ಮ ಕಂಪನಿಯ ಅಷ್ಟೂ ಮಂದಿ ಖುಷಿಯಾಗಿದ್ದರು. ಒಬ್ಬರೂ ಬಿಡದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತಾರು ಹಸಿರು ಮುಖಗಳು ಸಾಲಾಗಿ ನಗುತ್ತಿದ್ದವು.

ಹನ್ನೊಂದು ಗಂಟೆಗೆ ಅವರಲ್ಲಿ ಒಬ್ಬಳು ರಾಜೀನಾಮೆ ಕಳಿಸಿದಳು.

ನಾನು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ಬೀಜದ ಕಂಪನಿಯ ಎಚ್‌ಆರ್ ಎಂಬುದು ನಿಮಗೆ ಗೊತ್ತೇ ಇದೆ (ಹೊಸಬರಿಗೆ: ರಜೆ ಕೇಳಿದರೆ ಮುಖ ಸಿಂಡರಿಸುವ ಹೆಂಗಸು ಎಂದು ತಿಳಿದುಕೊಳ್ಳಿ, ಸಾಕು). ನಮ್ಮಲ್ಲಿ ಬೀಜವೂ ಹೈಬ್ರಿಡ್, ಈಗ ಆಫೀಸೂ ಹೈಬ್ರಿಡ್. ಒಂದಷ್ಟು ಮಂದಿ ಪೇಟೆಯ ಆಫೀಸಿನಲ್ಲಿ, ಒಂದಷ್ಟು ಮಂದಿ ಸಿರುಗುಪ್ಪ, ತೆಕ್ಕಲಕೋಟೆ ಕಡೆಯ ಹೊಲಗಳಲ್ಲಿ, ಉಳಿದವರು ಮನೆಯಲ್ಲಿ. ಎಲ್ಲರನ್ನೂ ಒಟ್ಟಿಗೆ ಹಿಡಿದಿಡಲು ಒಂದು ಆ್ಯಪ್ ತಂದೆವು. ತಂದವಳು ನಾನೇ. ಸಾವ್ಕಾರರನ್ನು, ಅಂದರೆ ನಮ್ಮ ಮಾಲೀಕರನ್ನು, ಕಾಡಿ ಬೇಡಿ ಒಪ್ಪಿಸಿದ್ದೆ.

ಬೆಳಿಗ್ಗೆ ಹಾಜರಿ ಹಾಕುವಾಗ ಆ್ಯಪ್ ಕೇಳುತ್ತದೆ: ಇಂದು ಹೇಗಿದ್ದೀರಿ? ಹಸಿರು, ಹಳದಿ, ಕೆಂಪು ಮುಖಗಳಿರುತ್ತವೆ. ಒಂದನ್ನು ಒತ್ತಬೇಕು.

ನಮ್ಮ ಕಡೆಯವರನ್ನು ಕೇಳುವ ಪ್ರಶ್ನೆಯೇ ಇದು? ಇಲ್ಲಿ "ಆರಾಮ ಅದೀರೇನ್ರಿ?" ಅಂದರೆ ಇರುವುದು ಒಂದೇ ಉತ್ತರ. "ಆರಾಮ್ರಿ." ಕಾಲು ಮುರಿದು ಮಂಚ ಹಿಡಿದವರೂ ಮೊದಲು ಆರಾಮ್ರಿ ಅಂದು, ಬಂದವರಿಗೆ ಚಹಾ ತರಿಸಿ, ಆಮೇಲೆ ಬಿದ್ದ ಕಥೆ ಶುರು ಮಾಡುತ್ತಾರೆ. ಆ್ಯಪಿಗೆ ಚಹಾ ಕುಡಿಯುವ ವ್ಯವಧಾನ ಎಲ್ಲಿದೆ? ಮೊದಲ ಉತ್ತರವನ್ನೇ ಬರೆದುಕೊಂಡು ಮುಂದೆ ಹೋಗುತ್ತದೆ. ನಾನು ಅದನ್ನೇ ಚಾರ್ಟ್ ಮಾಡಿ, ಸಾವ್ಕಾರರಿಗೆ ತೋರಿಸಿ, ಭೇಷ್ ಅನ್ನಿಸಿಕೊಂಡಿದ್ದೆ.

ರಾಜೀನಾಮೆ ಕೊಟ್ಟವಳು ಗಿರಿಜಾ (ಇದನ್ನೆಲ್ಲ ಬರೆಯಲು ಅವಳೇ ಒಪ್ಪಿದ್ದಾಳೆ). ಕುರುಗೋಡಿನವಳು. ಎಂಟು ವರ್ಷದಿಂದ ರೈತರ ಫೋನ್ ಎತ್ತುವುದು ಅವಳ ಕೆಲಸ. ಮೊಳಕೆ ಬಂದಿಲ್ಲ, ಮೆಣಸಿನಗಿಡದ ಎಲೆ ಮುದುಡಿದೆ, ಯಾವ ಔಷಧಿ ಹೊಡೆಯಲಿ, ಎಲ್ಲಕ್ಕೂ ಗಿರಿಜಾ. ಆಂಧ್ರದ ಕಡೆಯಿಂದ ತೆಲುಗಿನಲ್ಲಿ ಬೈದವರಿಗೂ ತೆಲುಗಿನಲ್ಲೇ ಸಮಾಧಾನ ಹೇಳುವವಳು. ಒಂದು ವರ್ಷದಿಂದ ಮನೆಯಿಂದಲೇ ಕೆಲಸ. ರಾಜೀನಾಮೆಗೆ ಕಾರಣ "ಮನೆ ಕಡೆ ತೊಂದರೆ" ಎಂದು ಬರೆದಿದ್ದಳು. ಅದೇ ಬೆಳಿಗ್ಗೆ ಹಸಿರು ಮುಖ ಒತ್ತಿದ್ದಳು.

ಫೋನ್ ಮಾಡಿದೆ. ಕಟ್ ಮಾಡಿದಳು. ಮತ್ತೆ ಮಾಡಿದೆ. "ಆಮ್ಯಾಲ ಹೇಳ್ತೀನ್ರಿ ಅಕ್ಕಾ" ಎಂದು ಮೆಸೇಜ್ ಬಂತು. ಬೇರೆ ಕಂಪನಿಯವರು ಹಾರಿಸಿಕೊಂಡು ಹೋದರು ಎಂದೇ ನನ್ನ ಅನುಮಾನ. ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ.

ಸಿರುಗುಪ್ಪದ ಹೊಲಗಳನ್ನು ಸುತ್ತುವ ನಮ್ಮ ಬಸವರಾಜನಿಗೆ ಫೋನ್ ಹಚ್ಚಿದೆ. ರೈತರ ದೂರುಗಳ ಬಗ್ಗೆ ದಿನಕ್ಕೆ ಹತ್ತು ಸಲ ಗಿರಿಜಾ ಜೊತೆ ಮಾತಾಡುವವನು ಅವನೇ.

"ಆಕಿ ದನಿ ಬಿದ್ದೈತ್ರಿ ಮೇಡಂ. ಗಂಟಲದಾಗ ಗಂಟು ಆಗೇತಂತ. ಎರಡು ತಿಂಗಳು ಮಾತಾಡಬ್ಯಾಡ ಅಂದಾರ ಡಾಕ್ಟ್ರು."

"ನಿನಗ ಯಾವಾಗಿಂದ ಗೊತ್ತು?"

"ಇಪ್ಪತ್ತು ದಿನಾ ಆತ್ರಿ. ಮೊದ್ಲ ಒಡಕ ದನೀಲೆ ಹೆಂಗೋ ನಡಸಿದ್ಳು, ಈಗ ಅದೂ ಇಲ್ರಿ."

"ಮತ್ತ ನನಗ್ಯಾಕ ಹೇಳಲಿಲ್ಲ? ಆ್ಯಪ್ ದಿನಾ ಕೇಳತೈತಲ್ಲ?"

"ಅದು ನಾ ಹೆಂಗದೀನಿ ಅಂತ ಕೇಳತೈತ್ರಿ. ನಾ ಆರಾಮ ಅದೀನಿ. ಆಕಿ ಹೆಂಗದಾಳ ಅಂತ ಯಾರು ಕೇಳ್ಯಾರ್ರಿ?"

ಫೋನ್ ಇಟ್ಟು ಬ್ಯಾಗ್ ಎತ್ತಿಕೊಂಡೆ.

ಮಧ್ಯಾಹ್ನವೇ ಕುರುಗೋಡಿನ ಬಸ್ ಹತ್ತಿದೆ. ಗಿರಿಜಾ ಬಾಗಿಲಲ್ಲಿ ನನ್ನನ್ನು ಕಂಡು ಗಾಬರಿಯಾದಳು. ಕೂರಿಸಿದಳು, ನೀರು ಕೊಟ್ಟಳು, ಮಾತಾಡಲಿಲ್ಲ. ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದಳು. ಅದರಲ್ಲಿ ನನ್ನದೇ ಮೆಸೇಜ್. "ಈ ವಾರ ನಿಮ್ಮ ಕರೆಗಳ ಸಂಖ್ಯೆ ಕಡಿಮೆಯಾಗಿದೆ. ಸುಧಾರಿಸಿಕೊಳ್ಳಿ. ಇಂತಿ, ಎಚ್‌ಆರ್." ಮೂರು ವಾರಕ್ಕೆ ಮೂರು ಮೆಸೇಜ್. ನಾನು ಕಳಿಸಿದ್ದಲ್ಲ, ಆ್ಯಪ್ ತಾನಾಗಿಯೇ ಕಳಿಸಿದ್ದು. ಹಾಗೆ ಕಳಿಸು ಎಂದು ಸೆಟ್ ಮಾಡಿದವಳು ಮಾತ್ರ ನಾನೇ.

ಆಮೇಲೆ ಟೈಪ್ ಮಾಡಿ ತೋರಿಸಿದಳು. "ದನಿ ಇಲ್ದಾಕಿನ್ನ ಯಾರು ಇಟ್ಕೋತಾರ್ರಿ? ನೀವು ತಗದು ಹಾಕೋಕಿಂತ ಮೊದ್ಲ ನಾನ ಬಿಡೋದು ಮರ್ಯಾದಿ ಅಲ್ಲೇನ್ರಿ ಅಕ್ಕಾ?"

ಈ ಕೆಲಸ ಬಿಟ್ಟರೆ ಅವಳಿಗೆ ಆ ಊರಿನಲ್ಲಿ ಇನ್ನೊಂದಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ನನಗೆ ನಾಚಿಕೆಯಾಯಿತು.

ಮೊದಲು ಎಲ್ಲರೂ ಆಫೀಸಿಗೆ ಬರುತ್ತಿದ್ದಾಗ ಮಧ್ಯಾಹ್ನ ಡಬ್ಬಿ ಬಿಚ್ಚಿ ಸುತ್ತ ಕೂರುತ್ತಿದ್ದೆವು. ಯಾರಾದರೂ ರೊಟ್ಟಿ ಮುರಿದು ಸುಮ್ಮನೆ ಕೂತರೆ ಪಕ್ಕದವರು "ಯಾಕವಾ, ಏನಾತು?" ಅನ್ನುತ್ತಿದ್ದರು. ಹಾಜರಿ, ರಜೆ, ಕರೆಗಳ ಲೆಕ್ಕ ಎಲ್ಲವನ್ನೂ ಆ್ಯಪಿಗೆ ಏರಿಸಿದ ನಾನು ಆ ಪಕ್ಕದವರನ್ನು ಏರಿಸುವುದನ್ನೇ ಮರೆತಿದ್ದೆ.

ಮರುದಿನ ಸಾವ್ಕಾರರ ಮುಂದೆ ಕೂತೆ. "ಫೋನ್ ಎತ್ತಾಕಿಗೇ ದನಿ ಇಲ್ಲಾಂದ್ರ ಹೆಂಗ ಮಾಡೂದವಾ?" ಅಂದರು. ನ್ಯಾಯವಾದ ಪ್ರಶ್ನೆಯೇ. ಉತ್ತರ ಅದೇ ಆ್ಯಪಿನಲ್ಲಿತ್ತು. ಯಾರು ಯಾವ ಹೊತ್ತಿಗೆ ಬಿಡುವಾಗಿರುತ್ತಾರೆ ಎಂದು ಅದಕ್ಕೆ ಚೆನ್ನಾಗಿ ಗೊತ್ತು. "ಮುಂಜಾನಿ ಫೋನೆಲ್ಲಾ ನನಗ ಹಾಕ್ರಿ, ಹೆಂಗೂ ಹೊಲದಾಗ ಇರ್ತೀನಿ" ಎಂದ ಬಸವರಾಜ ಫೋನಿನಲ್ಲಿ. ಉಳಿದವನ್ನು ಆಫೀಸಿನ ಇಬ್ಬರು ಹಂಚಿಕೊಂಡರು. ರೈತರು ಕಳಿಸುವ ಎಲೆ, ಕಾಯಿ, ಹುಳದ ಫೋಟೋಗಳೆಲ್ಲ ಗಿರಿಜಾಗೆ. ನೋಡಿ ಉತ್ತರ ಬರೆಯುವುದು. ಎಂಟು ವರ್ಷದ ಅನುಭವವನ್ನು ಬರೆಯಲು ದನಿ ಬೇಕೇ? ಸಾವ್ಕಾರರು "ಆತು, ಮಾಡ್ರಿ" ಅಂದರು. ಗಿರಿಜಾಗೆ ತಿಳಿಸಿದೆ. "ಫೋಟೋ ಕಳಸ್ರಿ" ಎಂದಷ್ಟೇ ಉತ್ತರ ಬಂತು.

ಆ್ಯಪಿನವರಿಗೆ ಹೇಳಿ ಎಚ್ಚರಿಕೆಯ ಮೆಸೇಜ್ ನಿಲ್ಲಿಸಿದೆ. ಪ್ರಶ್ನೆಯನ್ನೂ ಬದಲಿಸಿದೆ: ನಿಮ್ಮ ಜೊತೆಯವರಲ್ಲಿ ಇವತ್ತು ಯಾರನ್ನು ವಿಚಾರಿಸಬೇಕು? (ಚಾಡಿ ಪೆಟ್ಟಿಗೆ ಆಗದಿರಲಿ ಎಂದು ನಾನೊಬ್ಬಳೇ ಓದುತ್ತೇನೆ.) ತಮ್ಮ ಕಷ್ಟ ಹೇಳಲು ಸಂಕೋಚಪಡುವ ಜನ ಪಕ್ಕದವರ ಕಷ್ಟ ಹೇಳಲು ಹಿಂದೆಮುಂದೆ ನೋಡುವುದಿಲ್ಲ. "ಗೋಡೌನ್ ಸುಬ್ಬಣ್ಣಗ ಮಣಕಾಲು ನೋವು, ಮ್ಯಾಲ ಕೆಳಗ ಓಡಾಡಸಬ್ಯಾಡ್ರಿ." "ಎಚ್‌ಆರ್ ಮೇಡಂ ಒಂದು ವಾರದಿಂದ ಒಬ್ರ ಉಣ್ಣಾಕತ್ಯಾರ, ಯಾರರ ಕರೀರಿ." ಎರಡನೆಯದನ್ನು ಓದಿ ಕಣ್ಣು ತುಂಬಿ ಬಂತು (ಬರೆದವರೇ ಬಂದು ಕರೆದಿದ್ದರೂ ಆಗುತ್ತಿತ್ತು). ಇಂಥ ಮಂದಿಯ ಜೊತೆ ಕೆಲಸ ಮಾಡುವುದು ನನ್ನ ಪುಣ್ಯ. ಬಸವರಾಜನಿಗಂತೂ ನಾನು ಎಷ್ಟು ಸಲ ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಇನ್ನೊಂದು ಕೆಲಸ ಬಾಕಿ ಇತ್ತು. ರಾಜೀನಾಮೆಯನ್ನು ತಿರಸ್ಕರಿಸಬೇಕಾದರೆ ಆ್ಯಪ್ ಕಾರಣ ಕೇಳುತ್ತದೆ. ನೋಟಿಸ್ ಅವಧಿ ಸಾಲದು. ಕೆಲಸದ ಹಸ್ತಾಂತರ ಬಾಕಿ. ದಾಖಲೆ ಅಪೂರ್ಣ. ಯಾವುದೂ ಹೊಂದಲಿಲ್ಲ. ಎಲ್ಲಕ್ಕೂ ಕೆಳಗೆ "ಇತರೆ" ಎಂದಿತ್ತು. ಅದನ್ನು ಒತ್ತಿ, "ನಮಗೆ ಗಿರಿಜಾ ಬೇಕು" ಎಂದು ಬರೆದೆ. ಆ್ಯಪ್ ತಕರಾರಿಲ್ಲದೆ ಒಪ್ಪಿಕೊಂಡಿತು.

ಆ ಪಟ್ಟಿಯ ಕೊನೆಗೆ "ಇತರೆ" ಎಂದೊಂದು ಜಾಗ ಬಿಟ್ಟ ಇಂಜಿನಿಯರ್ ಯಾವ ಊರಿನವರೋ ಏನೋ, ಅವರ ಹೊಟ್ಟೆ ತಣ್ಣಗಿರಲಿ.